ಕೂದಲಲ್ಲಿ ಹೊಲಿದ ದಿಂಬು

“ಅದನ್ನ ಬಿಚ್ಚಬೇಡ ಕಣೆ,” ಎಂದಳು ಸೂಜಿಯಜ್ಜಿ. “ಮುಟ್ಟಿದ್ದೇ ಹೆಚ್ಚಾಯ್ತು. ಅಲ್ಲೇ ಕೆಳಗಿಡು.”

ಹಳೆಯ ಹಾಸಿಗೆ, ದಿಂಬುಗಳನ್ನು ಬಿಚ್ಚಿ, ಒಳಗಿನ ಹತ್ತಿಯನ್ನು ಹಿಂಜಿ, ಹೊಸ ಬಟ್ಟೆಗೆ ತುಂಬಿ ಕೊಡುವ ಅಂಗಡಿ ಅದು. ಆ ಬೆಳಗ್ಗೆ ಬಂದ ಗಂಟಿನಲ್ಲಿ ಏಳು ದಿಂಬುಗಳಿದ್ದವು. ಆರರ ಬಾಯಿಯನ್ನು ನೂಲಿನಿಂದ ಹೊಲಿದಿದ್ದರು. ಏಳನೆಯದರದ್ದನ್ನು ಕೂದಲಿನಿಂದ. ಎಣ್ಣೆ ಹಿಡಿದ, ನರೆತ, ಉದ್ದನೆಯ ಕೂದಲು. ಒಂದೊಂದು ಹೊಲಿಗೆಗೂ ಒಂದೊಂದು ಗಂಟು.

“ಒಳಗೇನಿದೆ ಅಂತ ಇಷ್ಟು ಹೆದರ್ತೀರಿ ಅಜ್ಜಿ?” ಈಚೆಗೆ ಕೆಲಸಕ್ಕೆ ಸೇರಿದ ಹೊಸಬಳು ದಿಂಬನ್ನು ಅದುಮಿ ನೋಡಿದಳು. ಬೂರುಗದ ಹತ್ತಿ. ಒತ್ತಿದರೆ ಮೊಲದ ಮರಿಯಂತೆ ಮೆತ್ತಗೆ ಮೇಲೇಳುತ್ತಿತ್ತು.

“ಯಾರದೋ ದಿಗಿಲು ಇದೆ. ತಡ್ಕೊಳ್ಳೋಕೆ ಆಗ್ದೋರು ಮಾಟಗಾರನ ಹತ್ರ ಹೋಗಿ ಅದನ್ನ ಕಕ್ಕಿ, ದಿಂಬಿಗೆ ತುಂಬಿ, ತಮ್ಮ ಕೂದ್ಲಲ್ಲೇ ಬಾಯಿ ಹೊಲೀತಾರೆ. ಬಿಚ್ಚಿದೋರ ಪಾಲಿಗೆ ಅದು. ಇಂಥದ್ದು ಬಂದ್ರೆ ನಾವು ಇಡಿಯಾಗಿ ಒಲೆಗೆ ಹಾಕ್ತೀವಿ. ಸಂಜೆ ಹಾಕ್ತೀನಿ, ಬಿಡು.”

“ಕಕ್ಕಿದ್ರೆ ಹೋಗೋದಾಗಿದ್ರೆ ನಾನ್ಯಾಕೆ ಎಂಟು ತಿಂಗಳು ಡಾಕ್ಟ್ರ ಹತ್ರ ಅಲೀತಿದ್ದೆ? ನಾಲ್ಕು ಎಣಿಸಿ ಉಸಿರು ಎಳ್ಕೊಳ್ಳಿ, ಆರು ಎಣಿಸಿ ಬಿಡಿ. ಯಾವ ಮಾಟ ಇದ್ರೂ ಮೂಗಿಂದ ಹೊರಗೆ ಹೋಗುತ್ತೆ.”

ಹಿಂಜುವ ಯಂತ್ರದವನು ಪಕಪಕನೆ ನಕ್ಕ. “ಉಸಿರಕ್ಕನ ಪಾಠ ಶುರುವಾಯ್ತು! ಹುಷಾರು ಅಜ್ಜಿ, ಎಳ್ಕೊಂಡಿದ್ದನ್ನ ವಾಪಸ್ ಬಿಡೋಕೆ ಮರೆತುಬಿಟ್ಟೀಯ!”

ಅಜ್ಜಿ ನಗಲಿಲ್ಲ. ದಿಂಬನ್ನು ಕಾಲಿನಿಂದಲೇ ಒಲೆಯ ಪಕ್ಕಕ್ಕೆ ಸರಿಸಿ, ಕಾಲು ತೊಳೆಯಲು ಹೋದಳು.

ಉಸಿರಕ್ಕ ಎಂಬ ಹೆಸರು ಆಕೆಗೆ ಅಂಟಿದ್ದು ಸುಮ್ಮನಲ್ಲ. ಹಿಂದೊಮ್ಮೆ ಗ್ಯಾಸ್ ಒಲೆಯ ಗುಂಡಿ ತಿರುಗಿಸಿ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮೂರು ಸಲ ಮನೆಗೆ ಓಡಿಬರುತ್ತಿದ್ದವಳು ಆಕೆ. ಮಗಳು ಪುಟ್ಟಿಯ ಗಂಟಲಿಗೆ ಏನಾದರೂ ಸಿಕ್ಕಿಕೊಂಡೀತೆಂಬ ದಿಗಿಲಂತೂ ಹೇಳತೀರದು. ಪ್ರತಿ ತುತ್ತಿಗೂ ಮಗುವಿನ ಬಾಯಿಯೊಳಗೆ ಬೆರಳು ಹಾಕಿ ನೋಡುತ್ತಿದ್ದಳು. ಒಂದು ದಿನ ಮಗುವಿನ ವಸಡು ಕಿತ್ತು ರಕ್ತ ಬಂದಾಗ ಆಕೆಯ ಅಕ್ಕ ಬಂದು ಪುಟ್ಟಿಯನ್ನು ಕರೆದುಕೊಂಡು ಹೋದಳು. ಅಲ್ಲಿಂದ ಎಂಟು ತಿಂಗಳು ಆಕೆ ಡಾಕ್ಟರು ಹೇಳಿದ್ದನ್ನು ಒಂದೂ ಬಿಡದೆ ಮಾಡಿದಳು. ದಿಗಿಲು ಬಂದಾಗ ಉಸಿರು ಎಣಿಸಿದಳು. ಕಣ್ಣಿಗೆ ಬಿದ್ದ ಐದು ವಸ್ತುಗಳ ಹೆಸರು ಹೇಳಿಕೊಂಡಳು. ಕೈ ನಡುಗಿದರೂ ಒಮ್ಮೆ ಹಾಕಿದ ಬೀಗವನ್ನು ಮತ್ತೆ ಎಳೆದು ನೋಡಲಿಲ್ಲ. ನಾಳೆ ಭಾನುವಾರ ಪುಟ್ಟಿ ಬರುತ್ತಾಳೆ. ಸಂಜೆಯವರೆಗೆ ಎಲ್ಲ ಸರಿಯಾಗಿದ್ದರೆ ಇಲ್ಲೇ ಉಳಿಯುತ್ತಾಳೆ. ಅಕ್ಕ ಹೇಳಿದ ಮಾತು ಅದು.

ಪುಟ್ಟಿಗೊಂದು ದಿಂಬು ಬೇಕಿತ್ತು.

ಭಯವನ್ನೂ ಭಗವಂತನೇ ಕೊಟ್ಟ. ಬೆಂಕಿ ಕಂಡಾಗ ಕೈ ಹಿಂದೆ ಬರಲಿ ಎಂದು ಕೊಟ್ಟ. ಅದನ್ನು ಪಳಗಿಸಿ ಜೊತೆಯಲ್ಲೇ ಇಟ್ಟುಕೊಂಡು ಬಾಳುವವರಿದ್ದಾರೆ, ಅದೂ ಒಂದು ತಪಸ್ಸೇ. ಆದರೆ ಮೈಯಿಂದ ಕಿತ್ತು ಬೀದಿಗೆ ಬಿಟ್ಟ ಭಯ ಒಡೆಯನಿಲ್ಲದ ನಾಯಿಯಂತೆ. ಬಾಗಿಲು ತೆರೆದ ಮನೆಯನ್ನು ಹುಡುಕುತ್ತಲೇ ಇರುತ್ತದೆ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಆಕೆ ದಿಂಬನ್ನು ಹಿಂದಿನ ಕೋಣೆಗೆ ಒಯ್ದು ಕತ್ತರಿ ಹಾಕಿದಳು. ಗಂಟುಗಳು ಒಂದೊಂದಾಗಿ, ಒದ್ದೆ ಸದ್ದು ಮಾಡಿ ಬಿಚ್ಚಿಕೊಂಡವು. ವಾಸನೆ ಬಂತು. ಬಹಳ ದಿನ ತೊಳೆಯದ ಬಾಯಿಯ ವಾಸನೆ. ಹಳಸಿದ ಹಾಲು, ಕೊಳೆತ ಹಲ್ಲು, ಜ್ವರದ ಬೆವರು, ಎಲ್ಲ ಒಟ್ಟಿಗೆ. ಮೇಲಿನ ಹತ್ತಿ ಬೆಣ್ಣೆಯಂತಿತ್ತು. ನಟ್ಟನಡುವೆ ಕೈಗೆ ಏನೋ ಬೆಚ್ಚಗೆ ತಗುಲಿತು.

ಮುಷ್ಟಿಗಾತ್ರದ ಉಂಡೆ. ಕೂದಲು, ಕಚ್ಚಿ ಕಿತ್ತ ಉಗುರು, ಅಗಿದು ಉಗುಳಿದ ಬಟ್ಟೆಯ ಚೂರು, ಎಲ್ಲವನ್ನೂ ಹಳದಿ ಕಫ ಅಂಟಿಸಿ ಹಿಡಿದಿತ್ತು. ಬೆರಳುಗಳ ನಡುವೆ ಅದು ಲೋಳೆಯಾಗಿ ಜಾರಿತು. ಆಕೆ ಅದನ್ನು ಇಕ್ಕಳದಲ್ಲಿ ಹಿಡಿದು ಹೊರಗೆ ಒಯ್ದು ಒಲೆಗೆ ಎಸೆದಳು. ಉಂಡೆ ಚುರ್ರೆಂದು ಕುಗ್ಗಿ, ಕರಟಿ, ಕೆಟ್ಟ ಕಮಟು ಬಿಟ್ಟು ಬೂದಿಯಾಯಿತು.

“ಇಷ್ಟೇ ತಾನೆ!” ಎಂದುಕೊಂಡಳು.

ಆ ಕಸುಬಿನವರೆಲ್ಲ ಮಾಡುವುದು ಅದನ್ನೇ. ಕೊಳೆತದ್ದನ್ನು ಆರಿಸಿ ಎಸೆದರೆ ಉಳಿದದ್ದು ಚೊಕ್ಕ ಹತ್ತಿ. ದಿನಕ್ಕೆ ಇಪ್ಪತ್ತು ಹಾಸಿಗೆಗಳ ಹೊಟ್ಟೆ ಬಗೆಯುವ ಕೈಗೆ ಬೇರೆ ಯೋಚನೆ ಹೊಳೆಯಲಿಲ್ಲ. ಹತ್ತಿಯಲ್ಲಿ ತೇವವಿದೆಯೇ ಎಂದು ನೋಡಲು ಅಂಗಡಿಯವರೆಲ್ಲ ಮಾಡುವಂತೆ ಒಂದು ಚಿಟಿಕೆಯನ್ನು ತುಟಿಗೆ ಒತ್ತಿಕೊಂಡಳು. ಒಣಗಿತ್ತು. ಒಂದು ಎಳೆ ನಾಲಿಗೆಗೆ ಅಂಟಿತು. ಉಗುಳಿದಳು. ಬರಲಿಲ್ಲ. ಹತ್ತಿಯನ್ನು ಪುಟ್ಟಿಯ ಹೊಸ ದಿಂಬಿಗೆ ತುಂಬಿ, ಹಳೆಯದಕ್ಕೆ ಚಿಂದಿ ತುರುಕಿ ಒಲೆಯ ಪಕ್ಕದಲ್ಲೇ ಇಟ್ಟಳು.

ಭಾನುವಾರ ಹನ್ನೊಂದಕ್ಕೆ ಪುಟ್ಟಿ ಬಂದಳು. ಹಳದಿ ಹೂವಿನ ಗಲೀಫಿನ ದಿಂಬನ್ನು ನೋಡಿ ಅದರ ಮೇಲೆ ಹೊಟ್ಟೆ ಅಡಿಯಾಗಿ ಬಿದ್ದಳು.

“ಚೆನ್ನಾಗಿದ್ದೀಯ ಕಣೆ,” ಎಂದಳು ಅಕ್ಕ, ತಂಗಿಯ ಮುಖವನ್ನು ತನಿಖೆಯವರಂತೆ ನೋಡುತ್ತ. “ಸ್ವಲ್ಪ ಬಿಳಚಿಕೊಂಡಿದ್ದೀಯ ಅಷ್ಟೆ.”

“ಹತ್ತಿ ಧೂಳು ಅಕ್ಕ, ಗಂಟಲು ಕೆರೆಯುತ್ತೆ.”

ಊಟಕ್ಕೆ ಕುಳಿತಾಗ ಪುಟ್ಟಿ ದೊಡ್ಡ ತುತ್ತು ಬಾಯಿಗಿಟ್ಟಳು. ಆಕೆಯ ಬೆರಳು ತಾನಾಗಿ ಮೇಲೆದ್ದಿತು. ಅಕ್ಕ ನೋಡುತ್ತಿದ್ದಳು. ಆಕೆ ಬೆರಳನ್ನು ಮಡಿಸಿ ನಾಲ್ಕು ಎಣಿಸಿ ಉಸಿರೆಳೆದುಕೊಂಡಳು. ಗಂಟಲಲ್ಲಿ ಏನೋ ಒಂದು ಮೆಟ್ಟಿಲು ಕೆಳಗಿಳಿದಂತಾಯಿತು. ಮತ್ತೆ ಎಳೆದುಕೊಂಡಳು. ಇನ್ನೊಂದು ಮೆಟ್ಟಿಲು. ಕಿಟಕಿ, ಚಾಕು, ಕುದಿಯುವ ನೀರು, ಚಾವಣಿಯ ಫ್ಯಾನು, ಎಲ್ಲವೂ ಪುಟ್ಟಿಯ ಕಡೆಗೆ ವಾಲಿ ನಿಂತಿದ್ದವು. ಈ ದಿಗಿಲು ತನ್ನದಲ್ಲ ಎಂದು ಆಕೆಗೆ ಗೊತ್ತಾಯಿತು. ತನ್ನ ದಿಗಿಲಿನ ಒಂದೊಂದು ಮೂಲೆಯನ್ನೂ ಬಲ್ಲವಳು ಆಕೆ. ಇದಕ್ಕೆ ಬೇರೆಯವರ ಎಂಜಲಿನ ರುಚಿಯಿತ್ತು.

ಊಟದ ಮೇಲೆ ಪುಟ್ಟಿ ಒಳಗೆ ಹೊಸ ದಿಂಬಿಗೆ ಒರಗಿದಾಗ, ಆಕೆ ಕೈ ತೊಳೆಯುವ ನೆಪದಲ್ಲಿ ಬಚ್ಚಲಿಗೆ ಹೋಗಿ ಕನ್ನಡಿಯ ಮುಂದೆ ಬಾಯಿ ತೆರೆದಳು. ನಾಲಿಗೆಯ ಬುಡದಲ್ಲಿ ಒಂದು ಕೂದಲು. ಹಿಡಿದು ಎಳೆದಳು. ಬಂತು. ಇನ್ನೂ ಬಂತು. ಮೊಳದುದ್ದ ಬಂದರೂ ಮುಗಿಯಲಿಲ್ಲ. ನರೆತ ಕೂದಲು, ಜೊಲ್ಲಿನಲ್ಲಿ ನೆಂದ ಹತ್ತಿ, ತುದಿಯಲ್ಲಿ ಒಂದು ಹಳದಿ ಉಗುರು. ನಿನ್ನೆ ಒಲೆಯಲ್ಲಿ ಬೂದಿಯಾದದ್ದು. ವಾಂತಿ ಬಂತು. ಅದರಲ್ಲೂ ಕೂದಲು.

ಒಳಕೋಣೆಯಿಂದ ಮಗುವಿನ ದನಿ ಕೇಳಿತು. “ಅಮ್ಮಾ, ನಂಗೆ ಹೆದರಿಕೆ ಆಗ್ತಿದೆ. ದಿಂಬೊಳಗೆ ಯಾರೋ ಏನೋ ಜಗೀತಿದಾರೆ.”

ಅಕ್ಕ ಹೊರಗಿನ ಕೋಣೆಯಲ್ಲಿ ತೂಕಡಿಸುತ್ತಿದ್ದಳು. ಎದ್ದುಬಿಟ್ಟರೆ? ಹೆದರಿದ ಮಗುವನ್ನು ನೋಡಿಬಿಟ್ಟರೆ? ಆಕೆ ಬಾಯಿ ಒರೆಸಿಕೊಂಡು ಬಚ್ಚಲಿನಿಂದಲೇ ಮೆಲ್ಲಗೆ ಕೂಗಿದಳು.

“ಏನಿಲ್ಲ ಚಿನ್ನ. ಅಮ್ಮ ಫೋನಲ್ಲಿ ಹೇಳಿಕೊಟ್ಟಿದ್ದೀನಲ್ಲ. ಕಣ್ಣು ಮುಚ್ಚು. ನಾಲ್ಕು ಎಣಿಸಿ ಜೋರಾಗಿ ಉಸಿರು ಎಳ್ಕೋ.”

ಪುಟ್ಟಿ ಮಾತು ಕೇಳುವ ಮಗು. ದಿಂಬಿಗೆ ಮುಖವಿಟ್ಟು ಎಳೆದುಕೊಂಡಳು. ಒಂದು. ಎರಡು. ಮೂರು.

ನಾಲ್ಕು ಕೇಳಿಸಲಿಲ್ಲ.

ಆಕೆ ಓಡಿಬಂದಾಗ ಮಗು ಎದ್ದು ಕುಳಿತಿತ್ತು. ಕಣ್ಣು ಮೇಲೆ ಸಿಕ್ಕಿಕೊಂಡಿತ್ತು. ತೆರೆದ ಬಾಯಿಯ ತುಂಬ ಒದ್ದೆ ಹತ್ತಿ. ಗಲೀಫಿನ ಬಾಯಿಂದ ಮಗುವಿನ ಬಾಯಿಗೆ ಒಂದೇ ಎಳೆ, ಹೊಕ್ಕುಳಬಳ್ಳಿಯಂತೆ, ಮಿಡಿಯುತ್ತ ಸಾಗುತ್ತಿತ್ತು. ಆಕೆ ಒಂದು ಹಿಡಿ ಕಿತ್ತು ಎಸೆದಳು, ಅದು ಮತ್ತೆ ಮಗುವಿನ ಬಾಯಿಗೇ ಹರಿಯಿತು; ಸೂಜಿಯಜ್ಜಿಗೆ ಫೋನು ಮಾಡಿದಳು.

“ಬಿಚ್ಚಿದ್ಯಾ?” ಎಂದಳು ಅಜ್ಜಿ. ಬೇರೇನೂ ಕೇಳಲಿಲ್ಲ.

“ಅಜ್ಜೀ, ಮಗು, ಮಗು ಉಸಿರು...”

“ಕಿತ್ತು ಆಚೆ ಎಸೀಬೇಡ. ಎಸೆದ್ರೆ ಮತ್ತೆ ಅದೇ ಬಾಯಿಗೆ ಬರುತ್ತೆ. ಬಿಚ್ಚಿದೋಳು ನೀನು, ನೀನೇ ನುಂಗಬೇಕು. ಒಂದು ಎಳೇನೂ ಬಿಡದ ಹಾಗೆ. ಆಮೇಲೆ ಮಗು ಎದುರಿಗೆ ಬಾಯಿ ಬಿಡಬೇಡ ತಾಯಿ. ಇವತ್ತಂತಲ್ಲ, ಯಾವತ್ತೂ. ಒಳಗಿರೋದಕ್ಕೆ ಆ ದಾರಿ ಗೊತ್ತಾಗಿಬಿಟ್ಟಿದೆ.”

ಫೋನು ಕೈಜಾರಿತು. ಆಕೆ ಮಗುವಿನ ಗಂಟಲಿಗೆ ಎರಡು ಬೆರಳು ತೂರಿಸಿದಳು. ಎಳೆದಳು. ಲೋಳೆ ಹತ್ತಿ ಪಚಕ್ಕನೆ ಬಂತು. ತನ್ನ ಬಾಯಿಗೆ ತುರುಕಿಕೊಂಡಳು. ಎಂಜಲು. ಕಫ. ಯಾರದೋ ಹಲ್ಲಿನ ಕೊಳೆ. ನುಂಗಿದಳು. ಉಗುರು ಗಂಟಲನ್ನು ಗೀರಿತು. ನುಂಗಿದಳು. ಹೊಟ್ಟೆಯಿಂದ ಎಲ್ಲ ಮೇಲೆ ಬಂತು. ಅಂಗೈಯಲ್ಲಿ ಬಾಯಿ ಮುಚ್ಚಿಕೊಂಡು ಬಂದದ್ದನ್ನೂ ನುಂಗಿದಳು. ದೇವರೇ ಎನ್ನಲೂ ಬಾಯಿ ಬಿಡುವಂತಿರಲಿಲ್ಲ, ಒಳಗೇ ಅಂದುಕೊಂಡಳು. ಇನ್ನೊಂದು ಹಿಡಿ. ಇನ್ನೊಂದು. ಹೂವಿನ ಗಲೀಫು ತಾನಾಗಿ ಕುಸಿಯುತ್ತ, ಕೊನೆಗೆ ಬರಿದಾಗಿ, ಹಾಸಿಗೆಗೆ ಅಂಟಿಕೊಂಡಿತು.

ಪುಟ್ಟಿ ಕೆಮ್ಮಿ, ಉಸಿರೆಳೆದು, ಅತ್ತಳು.

ಆ ಅಳುವಿಗೆ ಅಕ್ಕ ಎದ್ದು ಬಂದು ಬಾಗಿಲಲ್ಲಿ ನಿಂತಳು. ಅವಳು ಕಂಡದ್ದು ಇಷ್ಟು: ಮಗುವಿನ ಬಾಯಿಯೊಳಗೆ ತಂಗಿಯ ಬೆರಳು. ಮಗುವಿನ ಗಲ್ಲದ ಮೇಲೆ ರಕ್ತ.

“ಅಯ್ಯೋ ಪಾಪಿ! ಮತ್ತೆ ಶುರು ಮಾಡ್ದ್ಯಾ?” ಮಗುವನ್ನು ಕಿತ್ತು ಎತ್ತಿಕೊಂಡಳು. “ಎಂಟು ತಿಂಗಳು ನಂಬಿದ್ನಲ್ಲೇ ನಿನ್ನ! ಏನಾಯ್ತು ಹೇಳು. ಬಾಯಿ ಬಿಟ್ಟು ಹೇಳೇ, ನಾನು ಕೇಳ್ತೀನಿ.”

ಆಕೆ ತಲೆಯಾಡಿಸಿದಳು. ಕೈ ಮುಗಿದಳು. ತುಟಿ ತೆರೆಯಲಿಲ್ಲ. ಅಕ್ಕನ ಕಣ್ಣಿನಲ್ಲಿ ಮೊದಲು ಸಿಟ್ಟಿತ್ತು, ಆಮೇಲೆ ಹೇಸಿಗೆ. ಚೀಲ ಹೆಗಲಿಗೇರಿಸಿದಳು.

ಹೊಸ್ತಿಲಲ್ಲಿ ಪುಟ್ಟಿ ದೊಡ್ಡಮ್ಮನ ಹೆಗಲ ಮೇಲಿಂದ ಕೈ ಚಾಚಿದಳು. “ಅಮ್ಮ, ನಂಗೆ ಇಲ್ಲೇ ಇರ್ಬೇಕು. ದೊಡ್ಡಮ್ಮಂಗೆ ಹೇಳಮ್ಮ. ಪುಟ್ಟೀ ಬಾ ಅನ್ನು. ಒಂದೇ ಸಲ ಕರಿ.”

ಮಗುವಿನ ದನಿ ಕೇಳಿದ್ದೇ ತಡ, ಹೊಟ್ಟೆಯಲ್ಲಿದ್ದದ್ದು ಮಿಸುಕಾಡಿತು. ಎದೆಗೆ ಹತ್ತಿತು. ಗಂಟಲಿಗೆ ಹತ್ತಿತು. ನಾಲಿಗೆಯ ಮೇಲೆ ಒದ್ದೆಯಾಗಿ ಹರಡಿಕೊಂಡು, ಹಲ್ಲುಗಳ ಹಿಂದೆ ಬಂದು ಕಾದು ಕುಳಿತಿತು. ಆಕೆ ತುಟಿಗಳನ್ನು ಕಚ್ಚಿ ಹಿಡಿದಳು. ರಕ್ತ ಗಲ್ಲಕ್ಕೆ ಇಳಿಯಿತು.

“ಕರೀ ಅಮ್ಮಾ,” ಎಂದಿತು ಮಗು.

ಆಕೆ ಬಾಗಿಲು ಹಾಕಿಕೊಂಡಳು.