ಕವಳದ ಚೀಲದಲ್ಲಿ ಉಳಿದ ಗುಳಿಗೆಗಳು

“ಅತ್ತೆ... ಇದೆಂತ ಇದು?!”

ವೀಣಾ ನೆಲದ ಕಡೆ ಬೆರಳು ಮಾಡಿದಳು. ಗಂಡ ಜಟ್ಟ ಕೆಂಡದಂಥ ಜ್ವರದಲ್ಲಿ ಎಚ್ಚರ ತಪ್ಪಿ ಚಾಪೆಯ ಮೇಲೆ ನರಳುತ್ತಿದ್ದ. ಅವನ ಬಲಗಾಲು ಮೊಣಕಾಲಿನವರೆಗೆ ಬಾತು, ಪಾದ ಕಪ್ಪಿಟ್ಟಿತ್ತು. ಅವನನ್ನು ಹೊನ್ನಾವರದ ಆಸ್ಪತ್ರೆಗೆ ಒಯ್ಯುವ ಗಡಿಬಿಡಿಯಲ್ಲಿ ಅತ್ತೆ ತಿಮ್ಮಿಯ ಕವಳದ ಚೀಲ ಕೆಳಗೆ ಬಿದ್ದು, ವೀಳ್ಯದೆಲೆ, ಅಡಿಕೆಯ ಜೊತೆಗೆ ಗುಳಿಗೆಯ ಹಾಳೆಗಳೂ ನೆಲಕ್ಕೆ ಚೆಲ್ಲಿದ್ದವು. ಮುಗಿದೇ ಹೋಗಿವೆ ಎಂದು ತಿಮ್ಮಿ ಹೇಳಿದ್ದ ಅದೇ ಗುಳಿಗೆಗಳು!

“ಡಾಕ್ಟ್ರೇ ಹೇಳಿದ್ರಲ್ಲೇ, ಗುಳಿಗೆ ತಿಂದು ಕುಡದ್ರೆ ವಿಷ ಆಗ್ತದೆ ಅಂತ! ಅದಕ್ಕೇ ಕೊಡಲಿಲ್ಲ. ಎರಡೂ ಸೇರೂದು ಬೇಡ ಅಂತ ತೆಗೆದಿಟ್ಟೆ...” ಎಂದಳು ತಿಮ್ಮಿ.

ಏನು ಹೇಳುವುದು ಇಂಥ ಪ್ರೀತಿಗೆ! ಮಾವಳ್ಳಿಯ ಆ ಕೇರಿಯಲ್ಲಿ ಜಟ್ಟ ತಾಂಡೇಲ, ಅಂದರೆ ದೋಣಿಯ ಮುಂದಾಳು. ಮಳೆಗಾಲದ ಕೊನೆಗೆ ದೋಣಿ ನೀರಿಗಿಳಿಸುವ ದಿನ ದಂಡೆಯ ಜಟಗ ದೇವರಿಗೆ ಕೋಳಿ, ಸಾರಾಯಿ ಎಡೆ ಇಡಬೇಕು. ಎಡೆಯ ಸಾರಾಯಿಯನ್ನು ಮೊದಲು ತಾಂಡೇಲ ಕುಡಿಯಬೇಕು. ಅವನು ಮುಟ್ಟದಿದ್ದರೆ ಉಳಿದವರು ದೋಣಿ ಹತ್ತುವುದಿಲ್ಲ. ಈ ವರ್ಷ ಅದಕ್ಕೆ ಮುಂಚೆಯೇ ತೊರಕೆ ಮೀನಿನ ಮುಳ್ಳು ಜಟ್ಟನ ಪಾದಕ್ಕೆ ಹೊಕ್ಕು ಕೀವಾಗಿತ್ತು. ಒಂದು ಗುಳಿಗೆಯನ್ನೂ ಬಿಡಬೇಡ, ಮುಗಿಯುವ ತನಕ ಹೆಂಡ ಮುಟ್ಟಬೇಡ ಎಂದಿದ್ದರು ಡಾಕ್ಟರು. ಬೆಳಗಾದರೆ ಒಣಮೀನಿನ ಬುಟ್ಟಿ ಹೊತ್ತು ಪೇಟೆಗೆ ಹೋಗುವ ವೀಣಾ, ಗುಳಿಗೆಯನ್ನು ತಾನೇ ಕೊಂಡು ತಂದು, ಕೊಡುವ ಕೆಲಸವನ್ನು ಅತ್ತೆಗೆ ಒಪ್ಪಿಸಿದ್ದಳು. ಹೆದರಿದ್ದ ಜಟ್ಟ ತಾಯಿಗೆ, “ಈ ಸಲ ನಾ ಕುಡಿಯೂದಿಲ್ಲ ಆಯಿ” ಎಂದೇ ಬಿಟ್ಟಿದ್ದ. ಆದರೆ ತಿಮ್ಮಿಯ ಜೀವ ತಡೆಯಬೇಕಲ್ಲ! ಗಂಡನನ್ನು ಕಡಲಿಗೆ ಕೊಟ್ಟವಳು ಅವಳು. ಜಟಗ ಮುನಿದರೆ ಮಗನೂ ಉಳಿಯುವುದಿಲ್ಲ ಎಂಬ ದಿಗಿಲು. “ಗುಳಿಗೆ ಮುಗೀತು ಮಗಾ, ಇನ್ನು ಕುಡದ್ರೆ ಅಡ್ಡಿಲ್ಲ” ಎಂದು ಸುಳ್ಳು ಹೇಳಿದಳು. ಜಟ್ಟ ತನ್ನ ದೋಣಿಯ ಎಡೆಗೆ ಕುಡಿದ, ಪಕ್ಕದ ದೋಣಿಗಳವರು ಕರೆದಾಗಲೂ ಕುಡಿದ. ಗದರಿದ ಹೆಂಡತಿಗೂ ತಾಯಿ ಮಗ ಇಬ್ಬರೂ ಅದೇ ಮಾತು ಹೇಳಿದರು. ಪಾಪ, ಅವಳು ನಂಬಿದಳು.

ಆಸ್ಪತ್ರೆಯಲ್ಲಿ ಡಾಕ್ಟರು ಅತ್ತೆ ಸೊಸೆಯನ್ನು ಹೊರಗೆ ಕರೆದು, ನಡೆದದ್ದು ಕೇಳಿ ತಲೆಯಾಡಿಸಿದರು. “ಕುಡಿದದ್ದು ತಪ್ಪೇ. ಆದರೆ ಕುಡಿಯಲಿಕ್ಕೆಂದು ಗುಳಿಗೆ ನಿಲ್ಲಿಸಿದ್ದು ಅದಕ್ಕಿಂತ ದೊಡ್ಡ ತಪ್ಪು. ನಂಜು ಮೇಲೇರಿದೆ. ಕಾಲು ತೆಗೆಯದಿದ್ದರೆ ಜೀವ ಉಳಿಯುವುದಿಲ್ಲ.”

ಕಾಲು ಹೋಯಿತು... ಅಲೆಗೆ ಎದೆಯೊಡ್ಡಿ ದೋಣಿ ತಳ್ಳುತ್ತಿದ್ದ ಗಂಡಸು ಹಾಸಿಗೆಯ ಮೇಲೆ ಸಣ್ಣ ಮಗುವಿನ ಹಾಗೆ ಬಿಕ್ಕಿದ. ತಿಮ್ಮಿಯ ಕೈಯನ್ನು ಎದೆಗೊತ್ತಿಕೊಂಡು, “ಆಯಿ, ನೀ ಇದ್ದದ್ದಕ್ಕೆ ಇಷ್ಟಾದ್ರೂ ಉಳಿದೆ...” ಎಂದ. ಮುದುಕಿಯ ಮುಖದಲ್ಲಿ ರಕ್ತವೇ ಇರಲಿಲ್ಲ. ಆಮೇಲೆ ಅವನ ಕಣ್ಣು ಹೆಂಡತಿಯ ಕಡೆ ತಿರುಗಿತು.

“ಗುಳಿಗೆ ಅರ್ಧಕ್ಕೇ ನಿಂತದೆ ಅಂದ್ರು ಡಾಕ್ಟ್ರು. ಆಯಿ ನೋಡಿದ್ರೆ ಮುಗೀತು ಅಂದಿತ್ತು. ಹಾಂಗಾರೆ ನೀ ತಂದದ್ದೇ ಕಡಿಮೆಯನೇ?”

ವೀಣಾ ಅತ್ತೆಯನ್ನು ನೋಡಿದಳು. ಮದುವೆಯಾಗಿ ಬಂದಂದಿನಿಂದ ಒಂದು ಒಳ್ಳೆಯ ಮಾತಾಡದ ಹೆಂಗಸು! ಸತ್ಯ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ತಾಯಿಯ ಕೈಯನ್ನು ಅವನು ಎಷ್ಟು ಬಿಗಿಯಾಗಿ ಹಿಡಿದಿದ್ದನೆಂದರೆ... ಅದನ್ನು ಬಿಡಿಸುವ ಕಲ್ಲುಮನಸ್ಸು ಅವಳಿಗಿರಲಿಲ್ಲ.

“ಹೌದು. ನಾನೇ ಕಡಿಮೆ ತಂದೆ,” ಎಂದಳು.

ಜಟ್ಟ ಗೋಡೆಯ ಕಡೆ ಮುಖ ತಿರುಗಿಸಿದ. ಅಂದಿನಿಂದ ಅವಳೊಡನೆ ಮಾತಿಲ್ಲ. ಮನೆಗೆ ಬಂದ ಮೇಲೆ ಕೇರಿಯವರೂ ಅವಳ ಮುಖ ನೋಡಿ ಪಿಸುಗುಟ್ಟಿದರು. ಗಂಡನ ಔಷಧಿಗೂ ಕೈ ಬಿಗಿ ಹಿಡಿದವಳಂತೆ! ವೀಣಾ ಕೇಳಿಸಿಕೊಂಡೇ ಬುಟ್ಟಿ ಹೊತ್ತಳು.

ಒಂದು ಸಂಜೆ ತಿಮ್ಮಿ ಅಡುಗೆಮನೆಯಲ್ಲಿ ಸೊಸೆಯ ಕಾಲ ಬುಡದಲ್ಲೇ ಕುಸಿದಳು. “ತಡೆಯೂಕೆ ಆಗೂದಿಲ್ಲ ಮಗಳೇ! ಇವತ್ತು ನಾ ಅವನಿಗೆ ಎಲ್ಲಾ ಹೇಳ್ತೆ...”

ಮಗಳೇ! ಆ ಮಾತಿಗೆ ವೀಣಾಳ ಕಣ್ಣು ತುಂಬಿ ಬಂತು. ಮುದುಕಿಯನ್ನು ಎಬ್ಬಿಸಿ, ಅವಳ ಸೆರಗಿನಿಂದಲೇ ಅವಳ ಮುಖ ಒರೆಸಿದಳು.

“ಬೇಡ ಅತ್ತೆ. ಅವರ ಕಾಲಂತೂ ಹೋತು. ಆಯಿಯೂ ಹೋಗೂದು ಬೇಡ.”

ಆಗಲೇ ಹೊರಗಿನಿಂದ ಜಟ್ಟನ ದನಿ ಕೇಳಿತು. “ಆಯಿ, ಕುಡಿಯೂಕೆ ನೀರು!”

ವೀಣಾ ಕೊಡದಿಂದ ನೀರು ಬಗ್ಗಿಸಿ, ಲೋಟವನ್ನು ಅತ್ತೆಯ ಕೈಗೆ ಕೊಟ್ಟಳು.