ಹಳೇ ಬಾಡಿಗೆದಾರರು

“ತಲೆ ಅಲ್ಲಾಡಿಸಬೇಡ,” ಎಂದಳು ಅಜ್ಜಿ.

ಗುಂಗುರು ಅಲ್ಲಾಡಿಸಲಿಲ್ಲ. ಅವಳ ತಲೆ ಅಜ್ಜಿಯ ಎರಡು ಮೊಣಕಾಲುಗಳ ನಡುವೆ ಭದ್ರವಾಗಿ ಸಿಕ್ಕಿಕೊಂಡಿತ್ತು. ಹಿತ್ತಲ ಮೆಟ್ಟಿಲ ಮೇಲೆ ಬಿಳಿ ಬಟ್ಟೆ ಹಾಸಿತ್ತು. ಹೇನಿನ ಬಾಚಣಿಗೆ ಒಂದೊಂದು ಸಲ ಇಳಿದಾಗಲೂ ಸುರುಳಿ ಕೂದಲು ಎಳೆದು ಕಣ್ಣಲ್ಲಿ ನೀರು ಬರುತ್ತಿತ್ತು.

“ಲೌಸಿ ಬಾಚಣಿಗೆ,” ಎಂದು ಗೊಣಗಿದಳು.

ಅದು ಆ ವಾರ ಅವಳ ಬಾಯಿಗೆ ಅಂಟಿಕೊಂಡಿದ್ದ ಇಂಗ್ಲಿಷ್ ಮಾತು. ಅಕ್ಕ ಫೋನಿನಲ್ಲಿ ಯಾರಿಗೋ ಹೇಳುವಾಗ ಕಿವಿಗೆ ಬಿದ್ದಿತ್ತು. ಅಂದಿನಿಂದ ಬಸ್ಸು ಲೌಸಿ, ಭಾಗಾಕಾರ ಲೌಸಿ, ಅಮ್ಮ ತಂದ ನೀಲಿ ಸಾಕ್ಸ್ ಅಂತೂ ಮಹಾ ಲೌಸಿ. ಅರ್ಥ ಕೇಳಿದವರಿಗೆ ಚೆನ್ನಾಗಿಲ್ಲ ಅಂತ ಹೇಳಿ ಮುಂದೆ ಹೋಗುತ್ತಿದ್ದಳು.

ಮೊನ್ನೆ ಅದನ್ನು ಉದ್ದಜಡೆಗೂ ಅಂದುಬಿಟ್ಟಿದ್ದಳು. ಉದ್ದಜಡೆ ಕ್ಲಾಸಿನಲ್ಲಿ ಅವಳ ಪಕ್ಕವೇ ಕೂರುವ ಗೆಳತಿ. ಶಾಲೆ ಶುರುವಾದಾಗಿನಿಂದ ಇಬ್ಬರೂ ತಲೆಗೆ ತಲೆ ತಾಗಿಸಿ ಒಂದೇ ಪುಸ್ತಕ ಓದುತ್ತಿದ್ದರು. ಮೊನ್ನೆ ಅವಳ ಜಡೆಯ ಮೇಲೆ ಒಂದು ಹೇನು ಎಲ್ಲರೆದುರೇ ವಾಕಿಂಗ್ ಹೊರಟಿತು. ಕ್ಲಾಸಿಗೆ ಕ್ಲಾಸೇ ನಕ್ಕಿತು. ಗುಂಗುರು, “ಛೀ, ಲೌಸಿ,” ಎಂದು ಬ್ಯಾಗ್ ಎತ್ತಿಕೊಂಡು ಬೇರೆ ಬೆಂಚಿಗೆ ಹೋದಳು. ಉದ್ದಜಡೆ ಕೊನೆಯ ಬೆಂಚಿಗೆ ಹೋಗಿ ಕುಳಿತಳು. ಈಗ ಅಲ್ಲಿ ಅವಳೊಬ್ಬಳೇ.

ಹಿತ್ತಲ ಬಾಗಿಲಲ್ಲಿ ನಿಂತಿದ್ದ ಅಕ್ಕ ಕೇಳಿದಳು: “ಲೌಸ್ ಅಂದ್ರೆ ಏನು ಗೊತ್ತಾ? ಹೇನು. ಲೌಸಿ ಅಂದ್ರೆ ಮೊದಲು ಹೇನು ತುಂಬಿರೋದು ಅಂತಲೇ ಅರ್ಥ. ಆಮೇಲೆ ಕೊಳಕು, ಕೆಟ್ಟದ್ದು ಅಂತೆಲ್ಲ ಆಯ್ತು.”

ಗುಂಗುರು ಯೋಚಿಸಿದಳು. “ಬಸ್ಸಲ್ಲಿ ಹೇನು ಇಲ್ವಲ್ಲ?”

“ಬಸ್ಸಲ್ಲಿ ಇಲ್ಲ,” ಎಂದಳು ಅಕ್ಕ, ಬಿಳಿ ಬಟ್ಟೆಯನ್ನೇ ನೋಡುತ್ತಾ.

ಬಟ್ಟೆಯ ಮೇಲೆ ದಪ್ಪ ದಪ್ಪ ಹೇನುಗಳು ಓಡಾಡುತ್ತಿದ್ದವು. ಉದ್ದಜಡೆಯೇ ತನಗೆ ಹತ್ತಿಸಿದ್ದು ಎಂದು ಗುಂಗುರು ದೂರಿದಳು. ಅಜ್ಜಿ ಒಂದು ಕೂದಲನ್ನು ಅವಳ ಕಣ್ಣ ಮುಂದೆ ಹಿಡಿದಳು. ಅದರ ಬುಡದಿಂದ ಬಹಳ ದೂರದಲ್ಲಿ ಒಂದು ಬಿಳಿ ಚುಕ್ಕೆ ಅಂಟಿತ್ತು.

“ಇದು ಹೇನಿನ ಮೊಟ್ಟೆ. ಇಡೋದು ಬುಡದಲ್ಲಿ. ಕೂದಲು ಬೆಳೆದ ಹಾಗೆ ಇಷ್ಟು ದೂರ ಬಂದಿದೆ. ರಜದಲ್ಲೇ ಬಂದಿರೋ ಹಳೇ ಬಾಡಿಗೆದಾರರು ಇವು.”

ರಜದಲ್ಲಿ ತುರಿಸಿಕೊಂಡದ್ದು ಗುಂಗುರುವಿಗೆ ನೆನಪಾಯಿತು. ಬರೀ ತಲೆಹೊಟ್ಟು ಎಂದು ಅಜ್ಜಿಯ ಕೈಗೆ ಸಿಗದೆ ಓಡಿದ್ದಳು. ಆಮೇಲೆ ಶಾಲೆ ಶುರುವಾಗಿತ್ತು, ತಲೆಗೆ ತಲೆ ತಾಗಿತ್ತು. ಅವಳಿಗೆ ವಿಪರೀತ ನಾಚಿಕೆಯಾಯಿತು. ತಾನೇ ತಲೆಯನ್ನು ಇನ್ನಷ್ಟು ಬಗ್ಗಿಸಿ ಬಾಚಣಿಗೆಗೆ ಒಡ್ಡಿದಳು.

ಮರುದಿನ ಬೆಳಿಗ್ಗೆ ಅವಳು ನೇರ ಕೊನೆಯ ಬೆಂಚಿಗೆ ಹೋದಳು.

“ಹತ್ರ ಬರಬೇಡ. ನಿಂಗೂ ಹತ್ತುತ್ತೆ,” ಎಂದಳು ಉದ್ದಜಡೆ, ತಲೆ ಎತ್ತದೆ.

“ನಿಂಗೆ ಹತ್ತಿಸಿದ್ದೇ ನಾನು.”

ಮೆಲ್ಲಗೆ ಹೇಳಬೇಕೆಂದುಕೊಂಡಿದ್ದಳು. ಆದರೆ ಅದು ಮುಂದಿನ ಬೆಂಚಿನವರೆಗೂ ಕೇಳಿಸಿತು. ಕ್ಲಾಸು ಮತ್ತೆ ನಕ್ಕಿತು, ಈ ಸಲ ಗುಂಗುರುವನ್ನು ನೋಡಿ. ಅವಳ ಕಿವಿ ಬಿಸಿಯಾಯಿತು. ಆದರೂ ಅಲ್ಲಿಂದ ಕದಲಲಿಲ್ಲ.

ಉದ್ದಜಡೆ ನಗಲಿಲ್ಲ. ಬೆಂಚಿನ ಮೇಲಿದ್ದ ತನ್ನ ಬ್ಯಾಗನ್ನು ಕೆಳಗಿಟ್ಟಳು. ಪುಸ್ತಕವನ್ನು ಮಧ್ಯಕ್ಕೆ ಸರಿಸಿದಳು.

ಹೇನು ಹೋಗುವ ತನಕ ತಲೆ ತಾಗಿಸಬಾರದೆಂದು ಅಜ್ಜಿ ಹೇಳಿ ಕಳಿಸಿದ್ದಳು. ಇಬ್ಬರೂ ಬೆಂಚಿನ ಎರಡು ತುದಿಗೆ ಕುಳಿತು ಕತ್ತು ಚಾಚಿ ಓದಿದರು. ಅಷ್ಟು ದೂರದಿಂದ ಅಕ್ಷರ ಸರಿಯಾಗಿ ಕಾಣುತ್ತಿರಲಿಲ್ಲ, ಕತ್ತೂ ನೋಯುತ್ತಿತ್ತು. ಆದರೂ ಗುಂಗುರು ಅದನ್ನು ಲೌಸಿ ಅನ್ನಲಿಲ್ಲ.