ಒಲೆಬಾಯಿಯ ಮೇಲಿನ ಬೂಟು

ಎಡಗಾಲಿನ ಬೂಟು ತಂತಿಯಿಂದ ಇಳಿಯಿತು. ಬಲಗಾಲಿನದರ ಗಂಟು ಮಾತ್ರ ಬಿಚ್ಚಲೊಲ್ಲದು.

ತಮ್ಮ ತಂಬಾಕು ಸೊಪ್ಪು ಬೇಯಿಸುವ ಕಟ್ಟಡ, ಬ್ಯಾರನ್ನಿನ ಒಲೆಬಾಯಿಯ ಮುಂದೆ ನಿಂತು ಪ್ರಮೀಳಾ ಹಲ್ಲಿನಿಂದ ಗಂಟು ಎಳೆದಳು. ಬೂಟು ಕೈಗೆ ಬಂತು. ಜೊತೆಗೆ ಪಕ್ಕದ ಚರ್ಮ ಸೀಳಿ ಬಾಯಿ ತೆರೆಯಿತು.

ನಾಳೆ ಬೆಳಗಿನ ಬಸ್ಸಿಗೆ ಗಂಡ ಹೊರಡುವವನು. ಇದ್ದದ್ದು ಇದೊಂದೇ ಜೊತೆ...

ಮಾದೇಶ ಪಿರಿಯಾಪಟ್ಟಣದ ತಂಬಾಕು ಹರಾಜು ಕಟ್ಟೆಯ ಕಾವಲುಗಾರ. ದಿನವಿಡೀ ಕರಿ ಬೂಟಿನಲ್ಲಿ ನಿಲ್ಲುವ ಕೆಲಸ. ಈಗ ತಾನಾಗಿಯೇ ಕೇಳಿಕೊಂಡು ಎಚ್.ಡಿ. ಕೋಟೆಗೆ ವರ್ಗ ಹಾಕಿಸಿಕೊಂಡಿದ್ದ. ಅಲ್ಲಿ ಆರು ಜನಕ್ಕೆ ಒಂದೇ ಕೋಣೆ. ತಿಂಗಳಿಗೊಮ್ಮೆ ಬರುತ್ತೇನೆ ಎಂದಿದ್ದ, ಗೋಡೆ ನೋಡಿಕೊಂಡು.

ಮದುವೆಯಾಗಿ ನಾಲ್ಕು ವರ್ಷ. ಜಗಲಿಯಲ್ಲೇ ಬೂಟು ಬಿಚ್ಚುತ್ತಾನೆ, ಹಿತ್ತಲಲ್ಲಿ ಕಾಲು ತೊಳೆಯುತ್ತಾನೆ, ಜಗಲಿಯಲ್ಲೇ ಮಲಗುತ್ತಾನೆ. ಅತ್ತೆ ಮಲ್ಲಾಜಮ್ಮ ಮೊಮ್ಮಗುವಿನ ಮಾತೆತ್ತಿದಾಗಲೆಲ್ಲ ಪ್ರಮೀಳಾ ತಲೆ ತಗ್ಗಿಸುತ್ತಿದ್ದಳು. ತನ್ನಲ್ಲೇ ಏನೋ ಕೊರತೆ ಇರಬೇಕು... ಇಲ್ಲದಿದ್ದರೆ ಕಟ್ಟಿಕೊಂಡವನು ಹೀಗೆ ದೂರ ಉಳಿಯುತ್ತಿದ್ದನೇ?

ಅವಳಿಗೆ ಮಾಡಲು ತಿಳಿದದ್ದು ಒಂದೇ ಸೇವೆ. ಬೆವರಿ ನೆಂದ ಬೂಟನ್ನು ದಿನವೂ ಸಂಜೆ ಬ್ಯಾರನ್ನಿಗೆ ಒಯ್ದು ಒಲೆಯ ಕಾವಿಗೆ ಕಟ್ಟುವುದು. ಒಲೆ ಉರಿಯದ ತಿಂಗಳುಗಳಲ್ಲಿ ಬ್ಯಾರನ್ನಿನ ತಗಡಿನ ಮೇಲೆ ಬೆಳಗಿನ ಬಿಸಿಲಿಗಿಡುವುದು. ಒಣಗಿದ ಬೂಟು ತೊಟ್ಟು ಹೋಗಲಿ ಎಂಬ ಆಸೆ.

ಬಸ್ ನಿಲ್ದಾಣದ ಬಳಿ ಚಪ್ಪಲಿ ಹೊಲಿಯುವ ಕುಳ್ಳಯ್ಯ ಬೂಟನ್ನು ತಿರುಗಿಸಿ ನೋಡಿದ.

"ಇದೇನವ್ವಾ, ಚರ್ಮನ ಬೇಯ್ಸ್‌ಬುಟ್ಟಿದ್ದೀಯಲ್ಲ!"

ಕಾವಿಗೆ ಚರ್ಮ ಬಿರಿಯುತ್ತದೆ, ಬೆವರಿನ ವಾಸನೆ ಒಳಗೇ ಕೂತುಬಿಡುತ್ತದೆ ಎಂದ. ಒಳಗಿನ ಅಟ್ಟೆ ಬಿಚ್ಚಿ, ಹಳೆ ಪೇಪರ್ ತುರುಕಿ, ಗಾಳಿಯಾಡುವ ನೆರಳಲ್ಲಿ ಇಡಬೇಕು. ದಿನವೂ ಒಗೆದ ಹತ್ತಿಯ ಕಾಲುಚೀಲ ಹಾಕಬೇಕು. ಆರಿದ ಟೀ ಡಿಕಾಕ್ಷನ್‌ನಲ್ಲಿ ಪಾದ ನೆನೆಸಿ ಬೆರಳ ಸಂದು ಒರೆಸಿದರೆ ಬೆವರೂ ತಗ್ಗುತ್ತದೆ.

ದಾರ ಎಳೆಯುತ್ತಾ ಇನ್ನೊಂದು ಮಾತು ಸೇರಿಸಿದ. "ನಿನ್ ಯಜಮಾನ ಇಲ್ಲೇ ಕುಂತು ಅಂದಿದ್ದ ಕಣವ್ವಾ. ಧಾರೆ ದಿನವೇ ಎಂಡ್ರು ಮೂಗ್ ಮುಚ್ಕಂಡ್ಲು, ಈಗ ಬೂಟ್ನೂ ಮನೆ ಒಳಿಕೆ ಸೇರುಸ್ದೆ ಬ್ಯಾರನ್ ತಾವ ಮಡುಗ್ತಾಳೆ ಅಂತ."

ಪ್ರಮೀಳಾ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದಳು.

ಧಾರೆಯ ದಿನ... ಅಪ್ಪ ತಟ್ಟೆಯಲ್ಲಿ ಮದುಮಗನ ಪಾದ ತೊಳೆಯುತ್ತಿದ್ದಾಗ ಅವಳ ಸೆರಗು ತಾನಾಗಿ ಮೂಗಿಗೆ ಹೋಗಿತ್ತು. ಗೆಳತಿಯರು ಕಿಸಕ್ಕೆಂದಿದ್ದರು. ಅವನು ತಲೆಯೆತ್ತಿ ನೋಡಿದ್ದ. ಅವರಿಬ್ಬರ ಮೊದಲ ನೋಟ ಅದು. ಅವಳು ಅಲ್ಲೇ ಮರೆತಿದ್ದಳು. ಅವನು ಅದನ್ನು ನಾಲ್ಕು ವರ್ಷ ಹೊತ್ತುಕೊಂಡಿದ್ದ.

ಆ ಸಂಜೆ ಡಿಕಾಕ್ಷನ್ ಆರಿಸಿ ಬೋಗುಣಿಗೆ ಹೊಯ್ದು ಜಗಲಿಗೆ ತಂದಳು. ಮಾದೇಶ ಕಾಲು ಹಿಂದಕ್ಕೆಳೆದುಕೊಂಡ.

"ಬ್ಯಾಡ ಕಣಮ್ಮಿ, ಬುಡು... ವಾಸನೆ."

"ಗೊತ್ತು. ಇತ್ತ ತನ್ನಿ."

ಪಾದ ಬೆಳ್ಳಗೆ ನೆರಿಗೆಗಟ್ಟಿತ್ತು. ಅವಳು ಬೆರಳ ಸಂದುಗಳನ್ನು ಒಂದೊಂದಾಗಿ ತೊಳೆದಳು.

"ಅವತ್ತು ಮುಚ್ಕಂಡೆ, ದಿಟ," ಎಂದಳು. "ಆದ್ರೆ ಬೂಟ ಬ್ಯಾರನ್ ತಾವ ಮಡುಗಿದ್ದು ನೀವು ಒದ್ದೆ ಬೂಟಲ್ಲಿ ಓಗ್ಬಾರ್ದು ಅಂತ ಕಣ್ರೀ. ನೀವ್ ಅಂಗ್ ತಿಳ್ಕಂಡಿದ್ದು ನಂಗೆ ತಿಳಿನಿಲ್ಲ."

ಮಾದೇಶ ಈ ಸಲ ಕಾಲನ್ನು ಹಿಂದಕ್ಕೆಳೆಯಲಿಲ್ಲ.

"ವರ್ಗಕ್ಕೆ ನಾನೇ ಬರ್ದುಕೊಟ್ಬುಟ್ಟೆ ಕಣಮ್ಮಿ. ಇಲ್ಗೆ ಬ್ಯಾರೆಯವನ ಆಕವ್ರೆ. ಇನ್ನು ತಿರುಗ್ಸಕ್ಕಾಗಲ್ಲ."

"ಗೊತ್ತು."

"ಆ ರೂಮಲ್ಲಿ ಎಂಗಸ್ರು ಇರಕ್ಕಾಗಲ್ಲ."

"ಅದೂ ಗೊತ್ತು. ಆ ಕಾಲು ಕೊಡಿ."

ಒಳಗಿನಿಂದ ಅತ್ತೆಯ ಕೆಮ್ಮು ಕೇಳಿಸಿತು. ಮನೆ ಬಿಟ್ಟು ಸೊಸೆ ಎಲ್ಲಿಗೂ ಹೋಗಕೂಡದು ಎಂದು ಮಲ್ಲಾಜಮ್ಮ ಆಗಲೇ ಹೇಳಿಯಾಗಿತ್ತು.

ಪ್ರಮೀಳಾ ಸೆರಗಿನಲ್ಲೇ ಅವನ ಪಾದ ಒರೆಸಿದಳು. ಹೊಲಿದ ಬೂಟಿಗೆ ಪೇಪರ್ ತುರುಕಿ ಒಳಕೋಣೆಗೆ ಒಯ್ದು, ತನ್ನ ಮಂಚದ ಪಕ್ಕ ಕಿಟಕಿಯ ಗಾಳಿಗಿಟ್ಟಳು. ಅವನು ಹೊಸ್ತಿಲಲ್ಲಿ ನಿಂತು ಅದನ್ನೇ ನೋಡಿದ.

"ಅಲ್ಲೇ ಇರ್ಲಾ?"

"ಅಲ್ಲೇ ಇರ್ಲಿ. ನೀವೂ ಒಳಿಕೆ ಬನ್ನಿ."

ಬ್ಯಾರನ್ನಿನಲ್ಲಿ ಕೊನೆಯ ಸೊಪ್ಪು ಬೇಯುತ್ತಿತ್ತು. ಇನ್ನು ನಾಲ್ಕೈದು ದಿನ ಒಲೆ ಕಾಯಬೇಕು. ಆ ಒಲೆ ಆರಿದ ಮರುದಿನ ತಾನೂ ಕೋಟೆಯ ಬಸ್ಸು ಹತ್ತುತ್ತೇನೆ, ಎಂಥದ್ದಾದರೂ ಒಂದು ಮೂಲೆ ಹುಡುಕುತ್ತೇನೆ... ಪ್ರಮೀಳಾ ಕಿಟಕಿಯನ್ನು ಇನ್ನಷ್ಟು ತೆರೆದಳು. ಯಾರಿಗೂ ಹೇಳಲಿಲ್ಲ, ಅವನಿಗೂ.